ಹತ್ತು ಸೈಕಲ್ಲಿನ ಅಂಗಡಿ

ಡೇಟಾಬೇಸನ್ನು ಒಂದು ಸಣ್ಣ ಪ್ರಶ್ನೆ ಕೇಳಬೇಕು ಅಂದುಕೊಳ್ಳಿ. ಇಂಥ ನಂಬರಿನ ಗ್ರಾಹಕರ ಹೆಸರೇನು, ಅಷ್ಟೇ. ಹುಡುಕಿ ಹೇಳುವುದಕ್ಕೆ ಅದಕ್ಕೆ ಒಂದು ಮಿಲಿಸೆಕೆಂಡು ಸಾಕು. ಆದರೆ ಕೇಳುವುದಕ್ಕೆ ಮುಂಚೆ ನಡೆಯುವ ಶಾಸ್ತ್ರ ಇದೆಯಲ್ಲ, ಅದನ್ನು ನೋಡಬೇಕು. ಮೊದಲು ಅಪ್ಲಿಕೇಶನ್ನು ‘ಇದ್ದೀಯಾ?’ ಅನ್ನುತ್ತದೆ. ಆ ಕಡೆಯಿಂದ ‘ಇದ್ದೀನಿ, ನೀನಿದ್ದೀಯಾ?’ ಈ ಕಡೆಯಿಂದ ‘ನಾನೂ ಇದ್ದೀನಿ.’ ಟಿಸಿಪಿಯ ಕಟ್ಟಳೆಯಂತೆ ಈ ಮೂರು ಮಾತು ಆಗಲೇಬೇಕು. ಆಮೇಲೆ ಟಿಎಲ್‌ಎಸ್ಸಿನ ಸರದಿ: ನೀನು ನೀನೇ ಅನ್ನುವುದಕ್ಕೆ ಸರ್ಟಿಫಿಕೇಟು ತೋರಿಸು, ನಮ್ಮಿಬ್ಬರ ಗುಟ್ಟಿನ ಕೀಲಿ ಯಾವುದು ಗೊತ್ತು ಮಾಡಿಕೊಳ್ಳೋಣ. ಆಮೇಲೆ ಯೂಸರ್ ನೇಮು, ಪಾಸ್‌ವರ್ಡು. ಇದರ ನಡುವೆ ಡೇಟಾಬೇಸು ಪೋಸ್ಟ್‌ಗ್ರೆಸ್ ಆದರೆ ಬಂದ ಒಬ್ಬೊಬ್ಬರಿಗೂ ಒಂದೊಂದು ಪ್ರೋಸೆಸನ್ನೇ ಹೊಸದಾಗಿ ಹುಟ್ಟಿಸಿ ಸೇವೆಗೆ ನಿಲ್ಲಿಸುತ್ತದೆ. ಮೈಎಸ್‌ಕ್ಯೂಎಲ್ ಸ್ವಲ್ಪ ಕೈ ಬಿಗಿ, ಒಂದು ಥ್ರೆಡ್ಡಿನಲ್ಲಿ ಮುಗಿಸುತ್ತದೆ. ಇಷ್ಟೆಲ್ಲ ಆದ ಮೇಲೆ ಪ್ರಶ್ನೆ, ಕಣ್ಣು ಮಿಟುಕಿಸುವುದರೊಳಗೆ ಉತ್ತರ, ನಮಸ್ಕಾರ. ಹುಟ್ಟಿದ ಪ್ರೋಸೆಸ್ಸಿನ ಆಯಸ್ಸು ಅಲ್ಲಿಗೆ ಮುಗಿಯಿತು. ಮರುಗಳಿಗೆಗೆ ಇನ್ನೊಂದು ಪ್ರಶ್ನೆ. ಮತ್ತೆ ‘ಇದ್ದೀಯಾ?’

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಎಷ್ಟೋ ಪ್ರೋಗ್ರಾಮುಗಳು ಹೀಗೇ ನಡೆಯುತ್ತಿದ್ದವು. ನಾಲ್ಕು ಜನ ಬಳಸುವಾಗ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸಾವಿರ ಜನ ಒಟ್ಟಿಗೆ ಬಂದಾಗ ಮಾತ್ರ ಕೆಲಸಕ್ಕಿಂತ ಕುಶಲೋಪರಿಗೇ ಹೊತ್ತು ಹೋಗುತ್ತಿತ್ತು. ಅದಕ್ಕೆ ಕಂಡುಕೊಂಡ ಉಪಾಯವೇ ಕನೆಕ್ಷನ್ ಪೂಲ್. ಕೆಲವು ಕನೆಕ್ಷನ್ನುಗಳನ್ನು ಮಾಡಿ ಇಟ್ಟುಕೊಂಡು, ಕೇಳಿದವರಿಗೆ ಕೊಟ್ಟು, ಅವರ ಕೆಲಸ ಮುಗಿದ ಮೇಲೆ ವಾಪಸು ತೆಗೆದುಕೊಂಡು, ಅದನ್ನೇ ಮುಂದಿನವರಿಗೆ ಕೊಡುವುದು. ಆಫೀಸಿನಲ್ಲಿ ಇದನ್ನು ಬೋರ್ಡಿನ ಮೇಲೆ ಚೌಕ, ಬಾಣ ಎಳೆದು ಹೇಳಿಕೊಟ್ಟರು. ಉಳಿದವರು ಬರೆದುಕೊಂಡರು. ನಾನು ಬರೆದುಕೊಳ್ಳಲಿಲ್ಲ, ಅಷ್ಟನ್ನು ತಿಪಟೂರಿನಲ್ಲೇ ಕಲಿತಾಗಿತ್ತು.

ಕೊಬ್ಬರಿ ಗಾಡಿಗಳು ಸಾಲುಗಟ್ಟುತ್ತಿದ್ದ ರಸ್ತೆಯಲ್ಲಿ ಒಂದು ಬಾಡಿಗೆ ಸೈಕಲ್ ಶಾಪಿತ್ತು. ಹತ್ತು ಸೈಕಲ್ಲು, ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಹೊಸ ಸೈಕಲ್ಲು ಕೊಳ್ಳುವುದು ಮನೆಮನೆಗೆ ಆಗುವ ಮಾತಲ್ಲದ ಕಾಲ. ಆ ಹತ್ತರಲ್ಲೇ ಇಡೀ ಪೇಟೆಯ ಹುಡುಗರು ಸೈಕಲ್ ಕಲಿತರು. ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿಯುವವರಿಗೆ ಒಂದು ಸಣ್ಣ ಸೈಕಲ್ಲು ಬೇರೆ. ಯಜಮಾನರು ಕೊಡುವ ಮೊದಲು ಎರಡೂ ಚಕ್ರ ಒತ್ತಿ ನೋಡುವರು, ಬ್ರೇಕು ಹಿಡಿದು ನೋಡುವರು, ಆಮೇಲೆ ನೋಟ್‌ಬುಕ್ಕಿನಲ್ಲಿ ಹೆಸರು, ಅಪ್ಪನ ಹೆಸರು, ಹೊರಟ ಹೊತ್ತು. ಎಲ್ಲ ಹೊರಗೆ ಹೋಗಿದ್ದರೆ ಬೆಂಚಿನ ಮೇಲೆ ಕೂರಬೇಕು. ಆ ಬೆಂಚಿನಲ್ಲಿ ಕೂತು ರಸ್ತೆಯ ತಿರುವನ್ನೇ ನೋಡುತ್ತಿದ್ದಷ್ಟು ಆಸೆಯಿಂದ ನಾನು ಮುಂದೆ ಯಾವ ಪ್ರಮೋಶನ್ನನ್ನೂ ಕಾದಿಲ್ಲ.

ಈಗ ಜಾವಾ ಲೋಕದಲ್ಲಿ ಬಹಳ ಬಳಕೆಯಲ್ಲಿರುವ ಪೂಲು ಹಿಕಾರಿಸಿಪಿ. ಸ್ಪ್ರಿಂಗ್ ಬೂಟ್ ಎಂಬ ಜಾವಾ ಚೌಕಟ್ಟಿನಲ್ಲಿ, 2018ರಲ್ಲಿ ಬಂದ ಅದರ 2.0 ಆವೃತ್ತಿಯಿಂದ, ಅದೇ ತಾನೇ ತಾನಾಗಿ ಒದಗಿಬರುತ್ತದೆ. ನೀವೇನೂ ಹೇಳದಿದ್ದರೆ ಅದು ಇಟ್ಟುಕೊಳ್ಳುವುದು ಎಷ್ಟು ಕನೆಕ್ಷನ್ ಗೊತ್ತೇ? ಹತ್ತು! ಇದನ್ನು ಬರೆದವರು ತಿಪಟೂರಿಗೆ ಬಂದವರಲ್ಲ, ಆದರೂ ಲೆಕ್ಕ ಸರಿಹೋಗಿದೆ. ಹತ್ತೂ ಹೊರಗಿದ್ದರೆ ಮುಂದಿನ ಕೋರಿಕೆ 30 ಸೆಕೆಂಡು ಕಾಯುತ್ತದೆ. ಅಷ್ಟರಲ್ಲಿ ಯಾವುದೂ ಬರಲಿಲ್ಲವೋ, ಕೈಯಲ್ಲಿ ಎರರ್ ಹಿಡಿದು ವಾಪಸು. ಒಂದು ಕನೆಕ್ಷನ್ನಿಗೆ 30 ನಿಮಿಷ ಆಯಸ್ಸು, ಆಮೇಲೆ ಅದನ್ನು ಬಿಟ್ಟು ಹೊಸದು. ಎಲ್ಲವೂ ಒಂದೇ ಗಳಿಗೆಯಲ್ಲಿ ನಿವೃತ್ತಿಯಾಗಿ ಅಂಗಡಿ ಖಾಲಿಯಾಗದಿರಲಿ ಎಂದು ಒಂದೊಂದರ ಆಯಸ್ಸಿನಲ್ಲಿ ತುಸು ಹೆಚ್ಚುಕಡಿಮೆ ಮಾಡುತ್ತದೆ. ಈ ಜಾಣತನ ನಮ್ಮ ಎಷ್ಟೋ ಇಲಾಖೆಗಳಿಗೆ ಇನ್ನೂ ಬಂದಿಲ್ಲ.

ಪ್ರೋಗ್ರಾಂ ಬರೆಯುವವನು ಕೆಲಸ ಮುಗಿದ ಮೇಲೆ ಕನೆಕ್ಷನ್ನಿಗೆ ‘ಕ್ಲೋಸ್’ ಅನ್ನುತ್ತಾನೆ. ಮುಚ್ಚಿಹೋಯಿತು ಎಂದು ಅವನ ನಂಬಿಕೆ. ಅವನ ಕೈಯಲ್ಲಿದ್ದದ್ದು ನಿಜವಾದ ಕನೆಕ್ಷನ್ನೇ ಅಲ್ಲ, ಅದಕ್ಕೆ ತೊಡಿಸಿದ ಒಂದು ವೇಷ. ‘ಕ್ಲೋಸ್’ ಅಂದಾಗ ವೇಷ ಹೂಂಗುಟ್ಟುತ್ತದೆ. ಒಳಗಿನದು ಸದ್ದಿಲ್ಲದೆ ಸಾಲಿಗೆ ಹೋಗಿ ನಿಲ್ಲುತ್ತದೆ. ಹೀಗಾಗಿ ಹಳೆಯ ಪ್ರೋಗ್ರಾಮುಗಳನ್ನು ತಿದ್ದದೆಯೇ ಪೂಲಿಗೆ ಹೊಂದಿಸಬಹುದು. ಇಷ್ಟು ಉಪಕಾರಿಯಾದ ಸುಳ್ಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ತೊಂದರೆ ಬರುವುದು ‘ಕ್ಲೋಸ್’ ಅನ್ನದೇ ಇದ್ದಾಗ. ನಾನಿದ್ದ ಒಂದು ಕಂಪನಿಯಲ್ಲಿ ಪ್ರತಿದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲ ನಿಂತುಹೋಗುತ್ತಿತ್ತು. ಹೋಗಿ ನೋಡಿದರೆ ಸರ್ವರಿಗೆ ಕೆಲಸವಿಲ್ಲ, ಡೇಟಾಬೇಸು ಆಕಳಿಸುತ್ತಿದೆ, ನೆಟ್‌ವರ್ಕು ಖಾಲಿ. ಯಾರೂ ದುಡಿಯುತ್ತಿಲ್ಲ, ಎಲ್ಲರೂ ಕಾಯುತ್ತಿದ್ದಾರೆ. ಒಂದು ಮೂಲೆಯ ಕೋಡಿನಲ್ಲಿ, ಎಲ್ಲ ಸರಿಯಾದರೆ ಕನೆಕ್ಷನ್ ಹಿಂದಿರುಗಿಸುವ ಸಾಲಿತ್ತು. ನಡುವೆ ಏನಾದರೂ ಎಡವಿದರೆ ಪ್ರೋಗ್ರಾಂ ಆ ಸಾಲಿಗೆ ಬರುವ ಮೊದಲೇ ಆಚೆ ಹಾರಿ ಹೋಗುತ್ತಿತ್ತು. ಒಂದು ಎಡವಟ್ಟಿಗೆ ಒಂದು ಕನೆಕ್ಷನ್ ಮಾಯ. ಹತ್ತು ಎಡವಟ್ಟಿಗೆ ಅಂಗಡಿ ಬಂದ್. ಗಂಟೆ ಲೆಕ್ಕಕ್ಕೆ ಸೈಕಲ್ಲು ಒಯ್ದು ಅತ್ತೆಯ ಊರಿಗೇ ತುಳಿದುಕೊಂಡು ಹೋದ ಹುಡುಗರ ನೆನಪಾಯಿತು. ಯಜಮಾನರು ನೋಟ್‌ಬುಕ್ ತೆಗೆದು ಅಪ್ಪನ ಹೆಸರು ನೋಡುತ್ತಿದ್ದರು. ಹಿಕಾರಿಯಲ್ಲೂ ಅಂಥ ನೋಟ್‌ಬುಕ್ಕಿದೆ: ಇಷ್ಟು ಹೊತ್ತು ವಾಪಸು ಬರದಿದ್ದರೆ ಯಾವ ಕೋಡು, ಯಾವ ಸಾಲಿನಿಂದ ತೆಗೆದುಕೊಂಡು ಹೋಯಿತು ಎಂದು ಲಾಗಿನಲ್ಲಿ ಮಾನ ತೆಗೆಯುತ್ತದೆ. ಆದರೆ ಅದನ್ನು ನಾವೇ ಕೇಳಿ ಚಾಲೂ ಮಾಡಿಸಿಕೊಳ್ಳಬೇಕು. ಎಡವಿದರೂ ಬಿಡದೆ ಹಿಂದಿರುಗಿಸುವ ಏರ್ಪಾಡನ್ನು ಜಾವಾ ಭಾಷೆ 2011ರ ತನ್ನ ಏಳನೇ ಆವೃತ್ತಿಯಲ್ಲೇ ಮಾಡಿಕೊಟ್ಟಿದೆ. ಬಳಸದವರು ಈಗಲೂ ಇದ್ದಾರೆ.

ಇನ್ನೊಂದು ಕಾಟ ಬೆಳಗಿನದು. ಮೈಎಸ್‌ಕ್ಯೂಎಲ್ ಸುಮ್ಮನೆ ಕೂತ ಕನೆಕ್ಷನ್ನನ್ನು 28,800 ಸೆಕೆಂಡು ಸಹಿಸಿಕೊಳ್ಳುತ್ತದೆ, ಅಂದರೆ ಎಂಟು ಗಂಟೆ. ಆಮೇಲೆ ತನ್ನ ಕಡೆಯಿಂದ ಕತ್ತರಿಸುತ್ತದೆ, ಪೂಲಿಗೆ ಒಂದು ಮಾತು ಹೇಳದೆ. ರಾತ್ರಿ ಎಲ್ಲರೂ ಮಲಗಿದ್ದಾಗ ಈ ಬಿಡುಗಡೆಯಾಗುತ್ತದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಲಾಗಿನ್ ಆಗುವ ಶಿಸ್ತಿನ ನೌಕರನಿಗೆ ಎರರ್ ಸಿಗುತ್ತದೆ, ತಡವಾಗಿ ಬಂದವನಿಗೆ ಎಲ್ಲ ಸಲೀಸು. ಬೇಗ ಏಳುವವರಿಗೆ ಲೋಕದಲ್ಲಿ ನ್ಯಾಯವಿಲ್ಲ ಎಂಬ ನನ್ನ ಬಹಳ ದಿನದ ಅನುಮಾನಕ್ಕೆ ಇದೊಂದು ಪುರಾವೆ. ಅದಕ್ಕೇ ಪೂಲುಗಳು ಕೊಡುವ ಮುನ್ನ ‘ಸೆಲೆಕ್ಟ್ 1’ ಎಂಬಂಥ ಅರ್ಥವಿಲ್ಲದ ಪ್ರಶ್ನೆ ಕೇಳಿ ಜೀವ ಇದೆಯೋ ಇಲ್ಲವೋ ನೋಡುತ್ತವೆ. ಯಜಮಾನರು ಚಕ್ರ ಒತ್ತಿ ನೋಡುತ್ತಿದ್ದದ್ದೂ ಇದನ್ನೇ.

ಇಷ್ಟಾದರೂ ನಿಧಾನವಾದ ಕೂಡಲೇ ಎಲ್ಲರ ಬಾಯಲ್ಲಿ ಬರುವುದು ಒಂದೇ ಮದ್ದು: ಪೂಲ್ ದೊಡ್ಡದು ಮಾಡಿ. ಡೇಟಾಬೇಸು ನೋಡಿಕೊಳ್ಳುವ ನಮ್ಮ ಡಿಬಿಎ ಒಬ್ಬರಿದ್ದರು, ಮಂಡ್ಯದ ಕಡೆಯವರು, ಹುಡುಗರನ್ನು ಕೂರಿಸಿಕೊಂಡು ವಿಚಾರಣೆ ಮಾಡುತ್ತಿದ್ದರು.

“ಪೂಲ್ ಎಷ್ಟಿಟ್ಟಿದ್ದೀಯಪ್ಪಾ?”

“200 ಸರ್.”

“ಆ ಮೆಷಿನ್ನಲ್ಲಿ ಕೋರ್ ಎಷ್ಟವೆ?”

“ನಾಲ್ಕು ಸರ್.”

“ನಾಲ್ಕರಲ್ಲಿ ಒಂದ್ಸಲಕ್ಕೆ ಎಷ್ಟು ಕೆಲ್ಸ ನಡೀತದೆ?”

“...ನಾಲ್ಕು ಸರ್.”

“ಮಿಕ್ಕ 196 ಒಳಗೆ ಬಂದು ಏನ್ ಮಾಡ್ತವೆ? ನೂಕಾಡ್ತವೆ. ಆಚೆ ಕೂರ್ಸು ಅವುನ್ನ.”

ಇದು ಬರೀ ಗದರಿಕೆಯಲ್ಲ. ಪೋಸ್ಟ್‌ಗ್ರೆಸ್‌ನವರು ಹಾಕಿಕೊಟ್ಟ ಒಂದು ಅಂದಾಜಿದೆ: ಕೋರುಗಳ ಎರಡರಷ್ಟು, ಅದಕ್ಕೆ ಡಿಸ್ಕಿನ ಲೆಕ್ಕ ಕೂಡಿಸು. ನಾಲ್ಕು ಕೋರು, ಒಂದು ಡಿಸ್ಕು ಆದರೆ ಒಂಬತ್ತು. ಹಿಕಾರಿಯ ಕೈಪಿಡಿಯಲ್ಲಿ ಒರಾಕಲ್‌ನವರ ಒಂದು ಪ್ರಯೋಗದ ಮಾತು ಬರುತ್ತದೆ. ಬೇರೇನನ್ನೂ ಮುಟ್ಟದೆ ಪೂಲನ್ನು ಮಾತ್ರ ಚಿಕ್ಕದು ಮಾಡಿದ್ದಕ್ಕೆ, 100 ಮಿಲಿಸೆಕೆಂಡು ಹಿಡಿಯುತ್ತಿದ್ದ ಉತ್ತರ ಸುಮಾರು 2 ಮಿಲಿಸೆಕೆಂಡಿಗೆ ಇಳಿಯಿತಂತೆ. ಒಳಗೆ ಕಡಿಮೆ ಜನ ಇದ್ದರೆ ಒಬ್ಬೊಬ್ಬರೂ ಬೇಗ ಮುಗಿಸಿ ಹೊರಡುತ್ತಾರೆ, ಹೊರಗಿನ ಸಾಲೂ ಬೇಗ ಕರಗುತ್ತದೆ. ಇದನ್ನು ಯಾವ ಮ್ಯಾನೇಜರೂ ಒಂದೇ ಸಲಕ್ಕೆ ನಂಬಿದ್ದನ್ನು ನಾನು ನೋಡಿಲ್ಲ.

ಈಗ ಅಪ್ಲಿಕೇಶನ್ನೇ 20 ತುಂಡಾಗಿ 20 ಕಡೆ ಓಡುತ್ತದೆ. ಒಂದೊಂದೂ ಸಭ್ಯವಾಗಿ ಹತ್ತೇ ಇಟ್ಟುಕೊಂಡರೂ ಡೇಟಾಬೇಸಿನ ಬಾಗಿಲಲ್ಲಿ 200. ಪೋಸ್ಟ್‌ಗ್ರೆಸ್ಸು ತಾನಾಗಿ ಒಪ್ಪುವುದು 100. ಅದರಲ್ಲೂ ಮೂರನ್ನು ಆಡಳಿತದವರಿಗೆ ಮೀಸಲಿಡುತ್ತದೆ. ಪೂರ್ತಿ ತುಂಬಿದ ಮೇಲೆ ಬಂದವರಿಗೆ ಅದು ಕೊಡುವ ಉತ್ತರ ನನಗೆ ಬಲು ಇಷ್ಟ: ಮೊದಲು ‘ಫೇಟಲ್’ ಎಂದು ಗದರಿಸಿ, ಅದೇ ಸಾಲಿನಲ್ಲಿ ‘ಸಾರಿ, ಆಗಲೇ ತುಂಬ ಜನ ಆಗಿದ್ದಾರೆ’ ಅನ್ನುತ್ತದೆ. ಹೀಗಾಗದಿರಲು ನಡುವೆ ಪಿಜಿಬೌನ್ಸರ್ ಎಂಬ ಇನ್ನೊಬ್ಬ ಯಜಮಾನನನ್ನು ಕೂರಿಸುತ್ತಾರೆ. 2007ರಲ್ಲಿ ಸ್ಕೈಪ್‌ನವರು ಹೊರಗೆ ಬಿಟ್ಟದ್ದು. ಒಂದು ವಹಿವಾಟು ಮುಗಿದ ತಕ್ಷಣ ಕನೆಕ್ಷನ್ ಕಿತ್ತುಕೊಂಡು ಇನ್ನೊಬ್ಬರಿಗೆ ಕೊಡುವಷ್ಟು ಬಿಗಿ ಮಾಡಬಹುದು. ಆಗ ಕ್ಯಾರಿಯರ್ ಮೇಲೆ ಬಿಟ್ಟ ಚೀಲ ಮತ್ತೆ ಸಿಗುವುದಿಲ್ಲ: ಆ ಕನೆಕ್ಷನ್ನಿನಲ್ಲಿ ಮಾಡಿಟ್ಟುಕೊಂಡ ಸೆಟ್ಟಿಂಗುಗಳು ಮುಂದಿನ ಸಲ ನಿಮ್ಮ ಪಾಲಿಗಿರುತ್ತವೆ ಎಂದು ನಂಬುವಂತಿಲ್ಲ.

ತಿಪಟೂರಿನ ಶಾಪು ಮುಚ್ಚಿ ಬಹಳ ವರ್ಷವಾಯಿತು. ಮನೆಗೊಂದು ಬೈಕಾಯಿತು, ಕೆಲವರಿಗೆ ಎರಡಾಯಿತು; ಅವುಗಳಲ್ಲಿ ಹೆಚ್ಚಿನವು ದಿನವಿಡೀ ನಿಂತೇ ಇರುತ್ತವೆ. ಮಂಡ್ಯದ ಡಿಬಿಎ ನಿವೃತ್ತರಾದರು, ಡೇಟಾಬೇಸು ಕ್ಲೌಡಿಗೆ ಹೋಯಿತು. ಪೂಲು ಮಾತ್ರ ಹಾಗೇ ಇದೆ, ಬೆಂಚೂ ಹಾಗೇ ಇದೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ರಿಸಲ್ಟಿನ ದಿನವೋ, ಟಿಕೆಟ್ ಬಿಡುವ ಹೊತ್ತಿಗೋ ಪುಟ ಸುತ್ತುತ್ತಲೇ ಇದ್ದರೆ, ನಿಮ್ಮ ಕೋರಿಕೆ ಅಲ್ಲೆಲ್ಲೋ ತನ್ನ ಸರದಿಗೆ ಕಾಯುತ್ತಿರಬಹುದು. ರಿಫ್ರೆಶ್ ಒತ್ತಬೇಡಿ. ಬಹಳಷ್ಟು ಸರ್ವರುಗಳಲ್ಲಿ ಒತ್ತಿದ ಮಾತ್ರಕ್ಕೆ ಹಳೆಯ ಕೋರಿಕೆ ಎದ್ದು ಹೋಗುವುದಿಲ್ಲ. ಹೊಸದು ಸಾಲಿನ ಕೊನೆಗೆ ಸೇರುತ್ತದೆ. ಐದು ಸಲ ಒತ್ತಿದವರ ಮುಂದೆ ಅವರೇ ಐದು ಜನರಾಗಿ ನಿಂತಿರುತ್ತಾರೆ.