ನೆಟ್ಟಿಗೆ ಹಿಡಿದ ಗ್ರಹಚಾರ

ಮನೆಯಲ್ಲಿ ನೆಟ್ ನಿಧಾನವಾದರೆ ತನಿಖೆಗೆ ಮೊದಲೇ ತೀರ್ಪು ಬಂದುಬಿಡುತ್ತದೆ. ಗೇಮ್ ಆಡುವ ಹುಡುಗನಿದ್ದರೆ ತಪ್ಪು ಅವನದು. ಇಲ್ಲದಿದ್ದರೆ ಯೂಟ್ಯೂಬಿನಲ್ಲಿ ಹಳೇ ಧಾರಾವಾಹಿ ನೋಡುವ ಅತ್ತೆಯವರದು. ಅವರೂ ಊರಿಗೆ ಹೋಗಿದ್ದರೆ ಕಂಪನಿಯವರದು. ಕಂಪನಿಗೆ ಫೋನ್ ಮಾಡಿದರೆ, “ನಮ್ ಕಡೆಯಿಂದ ಫುಲ್ ಸ್ಪೀಡ್ ಬರ್ತಿದೆ ಸಾರ್, ಒಂದ್ಸಲ ಆಫ್ ಮಾಡಿ ಆನ್ ಮಾಡಿ.” ಮಾಡಿದರೆ ಸ್ವಲ್ಪ ಹೊತ್ತು ಸರಿಹೋಗುತ್ತದೆ, ಅದೇ ಅದರ ಮೋಸ.

ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ನೇರ ರೂಟರಿಗೆ ಸಿಕ್ಕಿಸಿ ನೋಡಬೇಕು. ತಂತಿಯಲ್ಲಿ ಓಡಿ ವೈಫೈಯಲ್ಲಿ ತೆವಳಿದರೆ ಕಂಪನಿಯವರನ್ನು ಬೈದು ಪ್ರಯೋಜನವಿಲ್ಲ. ತಂತಿಯಲ್ಲೂ ತೆವಳಿದರೆ? ಆಗಲೂ ಅವರನ್ನು ಬಯ್ಯುವ ಮೊದಲು ಮನೆಯ ಫೋನುಗಳನ್ನು ನೋಡಿ. ಯಾವುದೋ ಒಂದು ಮದುವೆಮನೆಯ ವಿಡಿಯೋಗಳನ್ನೆಲ್ಲ ಸದ್ದಿಲ್ಲದೆ ಕ್ಲೌಡಿಗೆ ಏರಿಸುತ್ತಿರಬಹುದು. ಅಪ್‌ಲೋಡಿನ ದಾರಿ ತುಂಬಿತೆಂದರೆ ಉಳಿದವರ ಪುಟ್ಟ ಕೋರಿಕೆಗಳೂ ಅದರ ಹಿಂದೆ ಸಾಲು ನಿಲ್ಲಬೇಕು. ಇದಕ್ಕೆ ‘ಬಫರ್‌ಬ್ಲೋಟ್’ ಎಂದು ಹೆಸರಿಟ್ಟ ಎಂಜಿನಿಯರ್ ಜಿಮ್ ಗೆಟಿಸ್ ಅವರಿಗೂ ಕಾಯಿಲೆ ಕಂಡದ್ದು ಸ್ವಂತ ಮನೆಯಿಂದ ದೊಡ್ಡ ಫೈಲು ಕಳಿಸುವಾಗಲೇ.

ನಮ್ಮಲ್ಲಿ ತಂತಿ ಚೆನ್ನಾಗಿತ್ತು. ರೂಟರಿನ ಪುಟ ತೆರೆದರೆ ಪಟ್ಟಿಯಲ್ಲಿ ಮನೆಯವರಿಗಿಂತ ಎಷ್ಟೋ ಹೆಚ್ಚು ಹೆಸರುಗಳು. ಅರ್ಧಕ್ಕರ್ಧ ಹೆಸರುಗಳು ದೇವರಿಗೇ ಪ್ರೀತಿ: ಈಗಿನ ಫೋನುಗಳು ತಮ್ಮ ನಿಜ ವಿಳಾಸ ಮುಚ್ಚಿಟ್ಟು ಹುಸಿ ವಿಳಾಸ ಕೊಡುತ್ತವೆ. ಒಂದೊಂದನ್ನೇ ಆಫ್ ಮಾಡುತ್ತ ಕೂತರೆ ಬೆಳಗಾಗುತ್ತದೆ. ಅರ್ಧವನ್ನು ಒಟ್ಟಿಗೆ ಆರಿಸಿ, ತಪ್ಪಿತಸ್ಥ ಯಾವ ಅರ್ಧದಲ್ಲಿದ್ದಾನೆ ಎಂದು ನೋಡಿ, ಅದನ್ನು ಮತ್ತೆ ಅರ್ಧ ಮಾಡಬೇಕು. 16 ಇದ್ದರೂ ನಾಲ್ಕೇ ಸುತ್ತು.

ಸಿಕ್ಕಿಬಿದ್ದದ್ದು ಗೇಟಿನ ಮೇಲಿನ ಕ್ಯಾಮೆರಾ! ಅದು ಕಳಿಸುವ ಡೇಟಾ ಟಿವಿ ನುಂಗುವುದಕ್ಕೆ ಹೋಲಿಸಿದರೆ ಏನೇನೂ ಅಲ್ಲ. ಆದರೆ ವೈಫೈಯ ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ಉಳಿದವರು ಬಾಯಿ ಮುಚ್ಚಿ ಕಾಯಬೇಕು. ಸರದಿ ಎಲ್ಲರಿಗೂ ಸಮ, ಹಿಡಿಯುವ ಹೊತ್ತು ಸಮವಲ್ಲ. ಎರಡು ಗೋಡೆ, ಒಂದು ಮಾವಿನಮರ ದಾಟಿ ಸಿಗ್ನಲ್ ಸಾಯುತ್ತಿದ್ದಂತೆ ಕ್ಯಾಮೆರಾ ವೇಗ ಇಳಿಸುತ್ತದೆ. ಕೇಳಿಸದಿದ್ದರೆ ಹೇಳಿದ್ದನ್ನೇ ಮತ್ತೆ ಹೇಳುತ್ತದೆ. ಸೆಕೆಂಡಿಗೆ 11 ಮೆಗಾಬಿಟ್ ವೇಗದವನು ಕ್ಷಣದಲ್ಲಿ ಹೇಳಿ ಮುಗಿಸುವುದನ್ನು 1 ಮೆಗಾಬಿಟ್‌ನವನು ಸುಮಾರು ಹನ್ನೊಂದು ಪಟ್ಟು ಹೊತ್ತು ಎಳೆಯುತ್ತಾನೆ. ಅಂಥವನೊಬ್ಬನಿದ್ದರೆ ಉಳಿದವರ ವೇಗವೂ ಅವನ ಮಟ್ಟಕ್ಕೇ ಕುಸಿಯುತ್ತದೆಂದು ಗ್ರೆನೋಬಲ್‌ನ ಸಂಶೋಧಕರು 2003ರಲ್ಲೇ ತೋರಿಸಿದ್ದರು. ನಾವು ಮಾತ್ರ ಇನ್ನೂ ಹೆಚ್ಚು ತಿನ್ನುವವನನ್ನೇ ಹುಡುಕುತ್ತೇವೆ.

ಉಪಕರಣಗಳು ಸಾಮಾನ್ಯವಲ್ಲ ಬಿಡಿ. 2018ರ ಜನವರಿಯಲ್ಲಿ ಗೂಗಲ್‌ನ ಕಾಸ್ಟ್ ಸೌಲಭ್ಯವಿದ್ದ ಸಾಧನಗಳು ಕುಂಭಕರ್ಣನ ವ್ರತ ಹಿಡಿದಿದ್ದವು. ನಿದ್ದೆಯಿಂದ ಎದ್ದೊಡನೆ, ಮಲಗಿದ್ದ ಹೊತ್ತಿನ ಬಾಕಿಯನ್ನೆಲ್ಲ ಸೇರಿಸಿ ‘ಯಾರಿದ್ದೀರಿ’ ಎಂದು ಮನೆಯ ನೆಟ್‌ವರ್ಕಿನ ತುಂಬ ಕೂಗುತ್ತಿದ್ದವು. ಹೆಚ್ಚು ನಿದ್ದೆ, ಹೆಚ್ಚು ಕೂಗು. ಕೆಲವು ಸಲ ಒಂದು ಲಕ್ಷಕ್ಕೂ ಮಿಕ್ಕಿ ಪ್ಯಾಕೆಟ್‌ಗಳು. ರೂಟರುಗಳು ತಲೆ ತಿರುಗಿ ಬಿದ್ದವು. ಗೂಗಲ್ ಅದೇ ತಿಂಗಳು ಸರಿಪಡಿಸಿತು.

ಕ್ಯಾಮೆರಾವನ್ನು ಗೆಸ್ಟ್ ನೆಟ್‌ವರ್ಕಿಗೆ ಹಾಕಿ ಎಂದು ಒಬ್ಬ ಬಂಧು ಸಲಹೆ ಕೊಟ್ಟರು. ಹೆಸರು ಬೇರೆಯಾದರೇನು, ರೇಡಿಯೋ ಅದೇ ಅಲ್ಲವೆ? ಸೆಟ್ಟಿಂಗಿನಲ್ಲಿ ‘ಏರ್‌ಟೈಮ್ ಫೇರ್‌ನೆಸ್’ ಎಂಬುದೊಂದು ಇತ್ತು. ಹೆಚ್ಚಾಗಿ ಅದು ರೂಟರ್ ತಾನು ಕಳಿಸುವುದನ್ನಷ್ಟೇ ಹದ್ದುಬಸ್ತಿನಲ್ಲಿಡುತ್ತದೆ, ಕ್ಯಾಮೆರಾದ ಬಾಯಿ ಮುಚ್ಚಿಸುವುದಿಲ್ಲ. ಪುಣ್ಯಕ್ಕೆ ಕ್ಯಾಮೆರಾದ ಹಿಂದೆ ಲ್ಯಾನ್ ಪೋರ್ಟ್ ಇತ್ತು. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಗೇಟಿನವರೆಗೆ ಕೇಬಲ್ ಎಳೆಯಲು ಹೇಳಿದೆ.

“ವೈಫೈ ಕ್ಯಾಮೆರಾ ತಗೊಂಡು ವೈರ್ ಎಳಸ್ತೀರಲ್ಲ ಸಾರ್?” ಎಂದ.

ಉತ್ತರವನ್ನು ಗ್ರೆನೋಬಲ್‌ನಿಂದ ಶುರುಮಾಡಬೇಕಿತ್ತು. ಅಷ್ಟರಲ್ಲಿ ಅವನು ಡ್ರಿಲ್ ಆನ್ ಮಾಡಿದ್ದ.