ಬೆಳಗಿನವರೆಗೆ ಕಾಯಬಾರದ ಜ್ವರ

ಸೇಲಂನಿಂದ ಏರ್ಕಾಡಿಗೆ ಹತ್ತುವಾಗ 20 ಹೇರ್‌ಪಿನ್ ತಿರುವುಗಳು ಸಿಗುತ್ತವೆ. ಪ್ರವಾಸಕ್ಕೆ ಹೊರಟಿದ್ದ ನಮ್ಮ ಮಕ್ಕಳು ಒಂದೊಂದನ್ನೂ ಕನ್ನಡದಲ್ಲಿ ಜೋರಾಗಿ ಎಣಿಸುತ್ತಾ ಬಂದರು. ಬೋರ್ಡುಗಳೆಲ್ಲ ತಮಿಳು, ಎಣಿಕೆ ಮಾತ್ರ ನಮ್ಮದು! ಮೇಷ್ಟ್ರುಗಳಾದ ನಮಗೂ ಖುಷಿಯೋ ಖುಷಿ. ಆ ಖುಷಿ ರಾತ್ರಿ ಒಂಬತ್ತರ ತನಕ ಮಾತ್ರ.

ಜೊತೆಗೆ ಬಂದಿದ್ದ ಟೀಚರೊಬ್ಬರ ನಾಲ್ಕು ವರ್ಷದ ಮಗನ ಮೈ ಕೆಂಡದಂತೆ ಕಾಯತೊಡಗಿತು. ಚಳಿಗೆ ಹಲ್ಲು ಕಟಕಟ. ಓದಿದವರಾದ ನಾವೆಲ್ಲ ಸೇರಿ ತೀರ್ಮಾನಿಸಿದ್ದೇನು ಗೊತ್ತೇ? ಬೆಟ್ಟದ ಚಳಿ, ಬಸ್ಸಿನ ಸುಸ್ತು, ಪ್ಯಾರಸಿಟಮಾಲ್ ಕೊಡೋಣ, ಬೆಳಗ್ಗೆ ನೋಡೋಣ ಅಂತ. ಹತ್ತೂವರೆಗೆ ಹುಡುಗ ಕುಡಿದ ನೀರನ್ನೆಲ್ಲ ವಾಂತಿ ಮಾಡಿದ. ಕರೆದರೆ ಕಣ್ಣು ಬಿಡಲೂ ತಡ. ಆಗ ಗದರಿದ್ದು ಅಡುಗೆಗೆ ಬಂದಿದ್ದ ಅಕ್ಕ: "ಏನ್ ಮೇಷ್ಟ್ರೇ, ಮಗು ಹೊಟ್ಟೇಲಿ ನೀರೂ ನಿಲ್ತಿಲ್ಲ. ಬೆಳಗಾಗೋವರೆಗೆ ಯಾಕೆ ಕಾಯ್ತೀರಿ?"

ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಡಾಕ್ಟರು ಕೇಳಿದ ಎರಡನೇ ಪ್ರಶ್ನೆಯೇ, ಇತ್ತೀಚೆಗೆ ಬೇರೆ ಊರಿಗೆ ಹೋಗಿದ್ರಾ? ಎರಡು ವಾರದ ಹಿಂದೆ ಮಂಗಳೂರಿನ ಅಜ್ಜಿ ಮನೆಯಲ್ಲಿದ್ದ ಅಂದರು ತಾಯಿ. ಮಂಗಳೂರು ಬಹಳ ವರ್ಷ ಮಲೇರಿಯಾಕ್ಕೆ ಹೆಸರಾಗಿದ್ದ ಊರು. ಡಾಕ್ಟರು ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಪರೀಕ್ಷೆಯ ಪಟ್ಟಿಗೆ ಹಾಕಿದರು. ಇಪ್ಪತ್ತು ನಿಮಿಷ ಕಾಯಬೇಕು.

ಆ ಹೊತ್ತಿನಲ್ಲಿ ಅವರು ಹೇಳಿದ್ದು, ಆಮೇಲೆ ನಾವು ಓದಿ ತಿಳಿದದ್ದು ಇಷ್ಟು. ಫಾಲ್ಸಿಪ್ಯಾರಂ ಜಾತಿಯ ಮಲೇರಿಯಾ ಚಿಕಿತ್ಸೆಯಿಲ್ಲದೆ ಉಳಿದರೆ 24 ಗಂಟೆಯಲ್ಲೇ ಪ್ರಾಣಕ್ಕೆ ಬರಬಹುದು. ಪುಟ್ಟ ಮಕ್ಕಳಿಗೆ ಇನ್ನೂ ಅಪಾಯ. ತೀವ್ರವಾದಾಗ ಬೇಕಾದದ್ದು ಆರ್ಟಿಸುನೇಟ್ ಇಂಜೆಕ್ಷನ್. ಆದರೆ ಆಸ್ಪತ್ರೆ ಗಂಟೆಗಟ್ಟಲೆ ದೂರವಿದ್ದರೆ? ವಾಂತಿ ಮಾಡುವ, ಎಚ್ಚರ ತಪ್ಪಿದ ಮಗು ಮಾತ್ರೆ ನುಂಗುವುದಿಲ್ಲ. ಅಂಥ ಕಡೆಗಾಗಿಯೇ ಗುದದ್ವಾರದಲ್ಲಿ ಇಡುವ ಆರ್ಟಿಸುನೇಟ್ ಗುಳಿಗೆ ಬಂದಿದೆ. ಆರು ವರ್ಷದೊಳಗಿನ ಮಕ್ಕಳಿಗೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು, ತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಂನಂತೆ ಒಂದೇ ಸಲ ಕೊಟ್ಟು, ತಕ್ಷಣ ಆಸ್ಪತ್ರೆಗೆ ಕಳಿಸಬೇಕು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದ ಗುಳಿಗೆಗಳು ನಮ್ಮ ದೇಶದ ಸಿಪ್ಲಾ ಮತ್ತು ಬೆಂಗಳೂರಿನ ಸ್ಟ್ರೈಡ್ಸ್ ಕಂಪನಿಗಳವು.

ಬಾಂಗ್ಲಾದೇಶ, ಘಾನಾ, ಟಾಂಜಾನಿಯಾಗಳಲ್ಲಿ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಆರು ಗಂಟೆಯಾದರೂ ಆಸ್ಪತ್ರೆ ಮುಟ್ಟದ ರೋಗಿಗಳಲ್ಲಿ ಸಾವು ಮತ್ತು ಶಾಶ್ವತ ಅಂಗವೈಕಲ್ಯವನ್ನು ಈ ಗುಳಿಗೆ ಅರ್ಧಕ್ಕಿಳಿಸಿತ್ತು. ಆದರೆ 2018ರಿಂದ 2020ರವರೆಗೆ ಕಾಂಗೋ, ನೈಜೀರಿಯಾ, ಉಗಾಂಡಾದ ಹಳ್ಳಿಗಳಲ್ಲಿ ಹಂಚಿ ನೋಡಿದಾಗ ಸಾವು ಕಡಿಮೆಯಾಗಲಿಲ್ಲ. ಗುಳಿಗೆಯ ನಂತರ ಎಷ್ಟೋ ಮಕ್ಕಳಿಗೆ ಪೂರ್ತಿ ಚಿಕಿತ್ಸೆ ಸಿಕ್ಕಿರಲಿಲ್ಲ. ಅಂದರೆ ಗುಳಿಗೆ ಕೊಡುವುದು ಸ್ವಲ್ಪ ಹೊತ್ತನ್ನು ಮಾತ್ರ. ಆ ಹೊತ್ತಿನಲ್ಲಿ ಮಗುವನ್ನು ಆಸ್ಪತ್ರೆ ಮುಟ್ಟಿಸಬೇಕಾದವರು ಜೊತೆಗಿರುವ ದೊಡ್ಡವರೇ.

ನಮಗೆ ಆಸ್ಪತ್ರೆ ಹತ್ತಿರವೇ ಇತ್ತು. ಆದರೂ ಒಂದೂವರೆ ಗಂಟೆ ಕಳೆದವರು ನಾವು! ದೂರ ಇದ್ದದ್ದು ರಸ್ತೆಯಲ್ಲಲ್ಲ, ನಮ್ಮ "ಬೆಳಗ್ಗೆ ನೋಡೋಣ"ದಲ್ಲಿ.

ಪರೀಕ್ಷೆಯ ಪಟ್ಟಿಯಲ್ಲಿ ಮಲೇರಿಯಾ ಕಾಣಲಿಲ್ಲ. ಡ್ರಿಪ್ ಹಾಕಿದರು, ಜ್ವರ ಬಿಡದಿದ್ದರೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ ಎಂದರು. ಬೆಳಗ್ಗೆ ಹುಡುಗ ಇಡ್ಲಿ ಕೇಳಿದ. ಅವರಮ್ಮ ಅತ್ತರು, ನಾವು ತಲೆ ತಗ್ಗಿಸಿ ಕಾಫಿ ಕುಡಿದೆವು.

ಊರಿಗೆ ಬಂದ ಮೇಲೆ ನಮ್ಮ ಶಾಲೆಯ ಪ್ರವಾಸದ ಒಪ್ಪಿಗೆ ಪತ್ರಕ್ಕೆ ಒಂದು ಸಾಲು ಸೇರಿಸಿದ್ದೇವೆ: ಕಳೆದ ಒಂದು ತಿಂಗಳಲ್ಲಿ ಮಗು ಎಲ್ಲೆಲ್ಲಿಗೆ ಹೋಗಿತ್ತು? ಆಫೀಸಿನ ಗೋಡೆಗೆ ದಪ್ಪಕ್ಷರದಲ್ಲಿ ಇದನ್ನೂ ಅಂಟಿಸಿದ್ದೇವೆ: ಜ್ವರದ ಮಗು ಏನೂ ಕುಡಿಯದಿದ್ದರೆ, ಎಲ್ಲವನ್ನೂ ವಾಂತಿ ಮಾಡಿದರೆ, ಫಿಟ್ಸ್ ಬಂದರೆ, ಮಂಕಾದರೆ, ಉಸಿರು ಜೋರಾದರೆ ತಕ್ಷಣ ಆಸ್ಪತ್ರೆ. ಗಡಿಯ ಆಚೆಗೂ ಈಚೆಗೂ ನಂಬರ್ ಒಂದೇ, 108.

ನಿಮ್ಮ ಶಾಲೆಯ ಗೋಡೆಯಲ್ಲೂ ಜಾಗ ಇರಬೇಕಲ್ಲವೇ?