ಎಡಕ್ಕೆ ತಿರುಗಿದರೆ ಎಂಜಿನ್ ಬಂದ್

ಎಡ ತಿರುವು. ಎಂಜಿನ್ ಬಂದ್. ಗಾಬರಿಗೆ ಕ್ಲಚ್ ಹಿಡಿದೆ, ಹೆಡ್‌ಲೈಟೂ ಆರಿತು!

ಸಂಡೂರಿನ ಗುಡ್ಡ ಇಳಿಯುವ ರಸ್ತೆ, ಜಿಟಿಜಿಟಿ ಮಳೆ, ಟೈರಿನಡಿ ಅದಿರಿನ ಕೆಂಪು ರಾಡಿ, ಬೆನ್ನ ಹಿಂದೆ ಹಾರ್ನ್ ಹೊಡೆಯುತ್ತ ಬರುತ್ತಿರುವ ಲಾರಿ. "ಮಾಮಾ, ಏನೂ ಕಾಣವಲ್ದು!" ಹಿಂದಿನ ಸೀಟಿನಿಂದ ಅಳಿಯ ಕಿರುಚಿದ. ನನಗೆ ಮಾತ್ರ ಎಲ್ಲಿ ಕಾಣುತ್ತಿತ್ತು? ಅಂದಾಜಿನ ಮೇಲೆ ಹ್ಯಾಂಡಲ್ ನೇರ ಮಾಡಿ ಕ್ಲಚ್ ಬಿಟ್ಟೆ. ಸೈಲೆನ್ಸರ್ 'ಢಂ' ಎಂದಿತು. ಎಂಜಿನ್ ಹತ್ತಿಕೊಂಡಿತು, ಬೆಳಕೂ ಬಂತು. ರಸ್ತೆಯಂಚಿನ ಕಲ್ಲು ಮಾರು ದೂರದಲ್ಲಿತ್ತು.

ಗಾಡಿ ಹಳೇ ಚೇತಕ್. 1972ರಲ್ಲಿ ಮಾರುಕಟ್ಟೆಗೆ ಬಂದ, ವೆಸ್ಪಾದ ಮೈಕಟ್ಟಿನ ಸ್ಕೂಟರು. ನಮ್ಮದಕ್ಕೆ ಬ್ಯಾಟರಿ ಇಲ್ಲ. ಫ್ಲೈವೀಲಿನ ಮ್ಯಾಗ್ನೆಟ್ ತಿರುಗಿದರೆ 6 ವೋಲ್ಟ್ ಕರೆಂಟ್, ನಿಂತರೆ ಕತ್ತಲೆ. ಹೋಗಬೇಕಾದದ್ದು ಹೊಸಪೇಟೆ, ಕಮಲಾಪುರದ ಮೇಲೆ ಕಂಪ್ಲಿಗೆ.

ಬಲ ತಿರುವು ಬಂತು, ಏನೂ ಆಗಲಿಲ್ಲ. ಮತ್ತೆ ಎಡ. ಈ ಸಲ ಹಲ್ಲು ಕಚ್ಚಿಕೊಂಡು ಕ್ಲಚ್ ಮುಟ್ಟಲಿಲ್ಲ. ಎಂಜಿನ್ ಸತ್ತರೂ ಚಕ್ರದ ಓಟಕ್ಕೆ ಫ್ಲೈವೀಲ್ ತಿರುಗುತ್ತಲೇ ಇತ್ತು, ದೀಪ ಉರಿಯುತ್ತಲೇ ಇತ್ತು. ಹ್ಯಾಂಡಲ್ ನೇರವಾದದ್ದೇ ತಡ, ಮತ್ತೆ 'ಢಂ'! ಅಂದರೆ ಮ್ಯಾಗ್ನೆಟ್ ಗಟ್ಟಿ, ಕಾಯಿಲ್ ಗಟ್ಟಿ. ಕೆಟ್ಟದ್ದು ಹ್ಯಾಂಡಲ್ ಜೊತೆ ಅಲುಗಾಡುವ ಯಾವುದೋ ವೈರು.

ಇಳಿಜಾರು ಮುಗಿಯುವಲ್ಲಿ ಇನ್ನೊಂದು ಎಡ ತಿರುವು. ಅಲ್ಲಿ ಸತ್ತ ಎಂಜಿನ್ ಏಳಲೇ ಇಲ್ಲ. ಗಾಡಿಯನ್ನು ಪಕ್ಕಕ್ಕೆ ನೂಕುವಷ್ಟರಲ್ಲಿ ಲಾರಿ ಕೆಸರೆರಚಿಕೊಂಡು ಹಾದುಹೋಯಿತು. ಅದರ ಹಿಂದೆ ಬಂದ ಇನ್ನೊಂದು ಲಾರಿಯ ಡ್ರೈವರ್ ತಲೆ ಹೊರಹಾಕಿದ. "ಏನಾತ್ರೀ? ಪೆಟ್ರೋಲ್ ಐತಿಲ್ಲೋ? ಓರೆ ಮಾಡಿ ಒದೀರಿ!"

ಓರೆ ಮಾಡಿದೆ. ಒದ್ದೆ. ಕಾಲು ಸೋತಿತೇ ಹೊರತು ಗಾಡಿ ಗುಟುರು ಹಾಕಲಿಲ್ಲ. ಓರೆ ಮಾಡುವುದು ಪೆಟ್ರೋಲಿನ ಕಾಯಿಲೆಗೆ ಮದ್ದು, ಕರೆಂಟಿನ ಕಾಯಿಲೆಗಲ್ಲ.

ಬಲಗಡೆಯ ಕವರ್ ತೆಗೆದೆ. ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಅದರ ಮೈಯನ್ನು ಎಂಜಿನ್ನಿಗೆ ತಾಗಿಸಿ ಹಿಡಿದೆ. "ಒದಿಯೋ!" ಅಳಿಯ ಒದ್ದ. ಕಿಡಿ ಇಲ್ಲ. ಇನ್ನೊಂದು ಲಾರಿ ಬರುತ್ತಿದೆ. ಮೊಬೈಲ್ ಟಾರ್ಚ್ ಮಳೆಗೆ ಮಂಕಾಗುತ್ತಿದೆ. ಕಿಡಿ ಎಬ್ಬಿಸುವ ಸಿ.ಬಿ. ಪಾಯಿಂಟ್ ಉಜ್ಜುತ್ತ ಕೂರಲು ಪುರಸೊತ್ತಿಲ್ಲ, ಬೇಕಾಗಿಯೂ ಇಲ್ಲ. ಪಾಯಿಂಟಿಗೆ ಎಡ ಯಾವುದು ಬಲ ಯಾವುದು ಏನು ಗೊತ್ತು?

ಕಿಡಿಗೆ ಸಂಬಂಧಪಟ್ಟು ಹ್ಯಾಂಡಲ್‌ವರೆಗೆ ಹೋಗುವುದು ಒಂದೇ ವೈರು: ಎಂಜಿನ್ ಆಫ್ ಮಾಡುವ ಸ್ವಿಚ್ಚಿನದು. ಮನೆಯ ಸ್ವಿಚ್ ಕರೆಂಟನ್ನು ಕತ್ತರಿಸಿ ದೀಪ ಆರಿಸುತ್ತದೆ. ಇಲ್ಲಿ ತದ್ವಿರುದ್ಧ. ಒತ್ತಿದರೆ ಕರೆಂಟು ಬಾಡಿಗೆ ಅರ್ತ್ ಆಗಿ, ಪ್ಲಗ್‌ಗೆ ಏನೂ ತಲುಪುವುದಿಲ್ಲ. ಆ ವೈರಿನ ಸಿಪ್ಪೆ ಸವೆದು ತಾಮ್ರ ಎಲ್ಲೋ ತಗಡಿಗೆ ತಾಗಿದರೂ ಸ್ವಿಚ್ ಒತ್ತಿದಂತೆಯೇ!

ಎಂಜಿನ್ ಪಕ್ಕದ ಜಂಕ್ಷನ್ ಬಾಕ್ಸ್ ಬಿಚ್ಚಿದೆ. ನಮ್ಮ ಗಾಡಿಯಲ್ಲಿ ಆಫ್ ವೈರು ಹಸಿರು. ಹ್ಯಾಂಡಲ್ ಕಡೆಯಿಂದ ಬಂದ ಹಸಿರು ತುದಿಯನ್ನು ಎಳೆದು ಹೊರಗೆ ಬಿಟ್ಟೆ. "ಒದಿ!" ಪ್ಲಗ್ ತುದಿಯಲ್ಲಿ ಚಿಟ್ ಎಂದು ನೀಲಿ ಕಿಡಿ. "ಬಂತು ಮಾಮಾ!" ಪ್ಲಗ್ ಒಳಕ್ಕೆ, ಒಂದೇ ಕಿಕ್ಕು, ಗುಡುಗುಡು!

ಈಗ ಇನ್ನೊಂದು ಪೇಚು. ಎಂಜಿನ್ ನಿಲ್ಲಿಸುವ ವೈರೇ ಇಲ್ಲ! ನಿಲ್ಲುವುದಾದರೂ ಯಾಕೆ? ಹೊಸಪೇಟೆ ದಾಟಿದೆವು, ಹಂಪಿಯ ಕಡೆ ತಿರುಗದೆ ಕಮಲಾಪುರ ಬಿಟ್ಟೆವು. ಅಲ್ಲಿಂದ ಮುಂದೆ ಬಂಡೆಗುಡ್ಡಗಳ ಸಾಲು, ಹತ್ತಿರದಲ್ಲೇ ದರೋಜಿ ಕರಡಿಧಾಮ. "ಇಲ್ಲಿ ಕರಡಿ ಬರ್ತಾವಂತೆ," ಎಂದ ಅಳಿಯ. ಎಕ್ಸಿಲರೇಟರ್ ತಿರುಚಿದೆ. ಹೆಡ್‌ಲೈಟ್ ಬೆಳ್ಳಗೆ ಮಿಂಚಿ ಪಟ್ಟನೆ ಸತ್ತಿತು. ಎಂಜಿನ್ ಜೋರಾಗಿ ಓಡಿದಷ್ಟೂ ವೋಲ್ಟೇಜ್ ಏರುತ್ತದೆ, ತಡೆಯಲು ರೆಗ್ಯುಲೇಟರ್ ಇಲ್ಲ. ದೊಡ್ಡ ಬಲ್ಬು ಹೋದೊಡನೆ ಅದರ ಪಾಲಿನ ಹೊರೆಯೂ ಹಿಂದಿನ ಪುಟ್ಟ ಬಲ್ಬಿನ ಮೇಲೆ ಬಿತ್ತು. "ಹಿಂದಿಂದೂ ಹೋತು ಮಾಮಾ!"

ರಸ್ತೆ ಬದಿಗೆ ಸರಿದು ಕಾದೆವು, ಎಂಜಿನ್ ಓಡುತ್ತಲೇ ಇತ್ತು. ಪೊದೆಯಲ್ಲಿ ಏನೋ ಸರಸರ ಎಂದಿತು. ಅದೇನೆಂದು ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅಷ್ಟರಲ್ಲಿ ಬಾಳೆಗೊನೆ ಹೇರಿದ ಟೆಂಪೋ ಬಂತು. ಅಳಿಯ ಮೊಬೈಲ್ ಟಾರ್ಚನ್ನು ಹಿಂದಕ್ಕೆ ಹಿಡಿದು ಕುಳಿತ, ನಾನು ಟೆಂಪೋದ ಬೆಳಕಿಗೆ ಕಣ್ಣು ನೆಟ್ಟೆ. ಬುಕ್ಕಸಾಗರ ಹೋಯಿತು, ರಾಮಸಾಗರ ಹೋಯಿತು, ಕೊನೆಗೂ ಕಂಪ್ಲಿ!

ಅಕ್ಕ ಬಾಗಿಲಿಗೆ ಬಂದಳು. "ಬಂದ್ ಮಾಡೋ ಅದನ್ನ, ಓಣಿ ಮಂದಿ ಮಲಗ್ಯಾರ!"

ನಾಲ್ಕನೇ ಗೇರ್ ಹಾಕಿ, ಬ್ರೇಕ್ ಒತ್ತಿ ಹಿಡಿದು, ಕ್ಲಚ್ ಬಿಟ್ಟೆ. ಗಾಡಿ ಒಮ್ಮೆ ಮುಗ್ಗರಿಸಿ ಸುಮ್ಮನಾಯಿತು.

ಬೆಳಿಗ್ಗೆ ಹ್ಯಾಂಡಲ್ ಬಿಚ್ಚಿದರೆ, ಕುತ್ತಿಗೆಯ ಕೊಳವೆಯೊಳಗೆ ಉಗುರಿನಷ್ಟು ಜಾಗದಲ್ಲಿ ಹಸಿರು ಸಿಪ್ಪೆ ಸವೆದು ತಾಮ್ರ ಹೊಳೆಯುತ್ತಿತ್ತು. ಅಷ್ಟು ಕತ್ತರಿಸಿ ಹೊಸ ತುಂಡು ಬೆಸೆದು, ಸ್ಲೀವ್ ಹಾಕಿ, ಎಡಕ್ಕೆ ಪೂರ್ತಿ ತಿರುಗಿದರೂ ಬಿಗಿಯಾಗದಷ್ಟು ಸಡಿಲ ಬಿಟ್ಟೆ. ಬಲ್ಬುಗಳನ್ನು ಮಾತ್ರ ಜೋಡಿಜೋಡಿಯಾಗಿ ಕೊಂಡೆ. ಒಂದು ಜೊತೆ ಗಾಡಿಗೆ, ಇನ್ನೊಂದು ಡಿಕ್ಕಿಗೆ.